ಇನ್ನೆರಡು ಹಾಳೆ ತರಿಸುವ ಮೊದಲು ಇದನ್ನು ಕೇಳು, ಮಗಳೇ

ಮಗಳೇ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆ ಎದ್ದು ಎರಡು ಸಲ ಓದಿದೆ. ಐನೂರು ದುಂಡು ಹಲಗೆ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದೀಯೆ, ಒಂದೊಂದರ ವ್ಯಾಸ 150 ಮಿಲಿಮೀಟರ್, ಪ್ಲೈವುಡ್ ಹಾಳೆ 2440ಕ್ಕೆ 1220ರದ್ದು. ಹಾಳೆಯ ವಿಸ್ತೀರ್ಣವನ್ನು ಹಲಗೆಯ ವಿಸ್ತೀರ್ಣದಿಂದ ಭಾಗಿಸಿದಾಗ 168 ಬಂತು, ಮೂರು ಹಾಳೆ ಸಾಕೆಂದು ಮೂರನ್ನೇ ತಂದಿಟ್ಟುಕೊಂಡಿದ್ದೀಯೆ. ಈಗ ಗುರುತು ಹಾಕಿ ನೋಡಿದರೆ ಒಂದು ಹಾಳೆಯಲ್ಲಿ 105ಕ್ಕಿಂತ ಹೆಚ್ಚು ಕೂರುತ್ತಿಲ್ಲ. ‘ಉಳಿದ ಅರವತ್ತಮೂರು ಎಲ್ಲಿ ಹೋದವು, ಇನ್ನೆರಡು ಹಾಳೆ ತರಿಸಲೇ’ ಎಂದು ಕೇಳಿದ್ದೀಯೆ. ಇನ್ನೂ ಕೊಯ್ದಿಲ್ಲ ಎಂದು ಬರೆದದ್ದನ್ನು ಓದಿ ನನಗೆ ಜೀವ ಬಂದ ಹಾಗಾಯಿತು.

ಮೊದಲು ಒಂದು ಮಾತು. ವಿಸ್ತೀರ್ಣವನ್ನು ಭಾಗಿಸಿ ಬಂದ ಸಂಖ್ಯೆಯನ್ನು ನಂಬಿ ಯಾರಿಗೂ ಮಾತು ಕೊಡಬೇಡ. ಈ ಮಾತು ನನ್ನ ಬಾಯಿಂದ ಏಕೆ ಬರುತ್ತದೆ ಎಂಬುದು ನಿನ್ನ ಅಪ್ಪನಿಗೂ ಅತ್ತೆಗೂ ಚೆನ್ನಾಗಿ ಗೊತ್ತಿದೆ. ನಿನಗೆ ಗೊತ್ತಿರಲಾರದು, ಆಗ ನೀನಿನ್ನೂ ಹುಟ್ಟಿರಲಿಲ್ಲ.

ನನಗೆ ಇಪ್ಪತ್ತೆರಡು ವರ್ಷ. ಬೇರೆಯವರ ಮರಗೆಲಸದ ಅಂಗಡಿಯಲ್ಲಿ ಕೆಲಸಕ್ಕಿದ್ದೆ, ಲೆಕ್ಕ ಬರುವವನು ಎಂಬ ಹೆಸರೂ ಇತ್ತು. ಸ್ಟೂಲುಗಳಿಗೆ ಎಂಬತ್ತನಾಲ್ಕು ದುಂಡು ಆಸನ ಬೇಕೆಂದು ಒಬ್ಬರು ಬಂದರು, ವ್ಯಾಸ 300 ಮಿಲಿಮೀಟರ್. ನಾನು ಅಲ್ಲೇ ನಿಂತು ವಿಸ್ತೀರ್ಣ ಭಾಗಿಸಿದೆ. ಒಂದು ಹಾಳೆಗೆ ನಲವತ್ತೆರಡು ಬಂತು. ಎರಡು ಹಾಳೆಗೆ ಎಂಬತ್ತನಾಲ್ಕು, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ದೇವರೇ ಲೆಕ್ಕ ಹೊಂದಿಸಿಕೊಟ್ಟಿದ್ದಾನೆ ಎನ್ನಿಸಿ ಎರಡೇ ಹಾಳೆ ಸಾಕೆಂದು ಮಾಲೀಕರ ಎದುರಿಗೇ ಮಾತು ಕೊಟ್ಟುಬಿಟ್ಟೆ. ಪೂರ್ತಿ ಗುರುತನ್ನೂ ಹಾಕಲಿಲ್ಲ; ಮೂಲೆಯಿಂದ ಒಂದೊಂದೇ ದುಂಡು ಬರೆಯುತ್ತಾ, ಬರೆದದ್ದನ್ನು ಕೊಯ್ಯುತ್ತಾ ಹೋದೆ.

ಉದ್ದಕ್ಕೆ ಎಂಟು, ಅಗಲಕ್ಕೆ ನಾಲ್ಕು, ಒಟ್ಟು ಮೂವತ್ತೆರಡು. ಅಷ್ಟಕ್ಕೆ ಹಾಳೆ ಮುಗಿಯಿತು. ಎರಡನೆಯದೂ ಹಾಗೆಯೇ ಮುಗಿಯಿತು. ಕೈಯಲ್ಲಿ ಅರವತ್ತನಾಲ್ಕು ಆಸನ, ಕಾಲ ಬುಡದಲ್ಲಿ ಚೂರುಗಳ ರಾಶಿ. ಆ ಚೂರುಗಳಲ್ಲಿ ಒಂದನ್ನು ಕೈಗೆತ್ತಿಕೊಂಡು ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕು ಆಸನಗಳ ನಡುವೆ ಉಳಿದ ತುಂಡು ಅದು; ನಾಲ್ಕು ಕಡೆಯೂ ಒಳಕ್ಕೆ ಬಾಗಿ, ನಾಲ್ಕು ಮೂಲೆಗಳು ಮುಳ್ಳಿನ ಹಾಗೆ ಚಾಚಿಕೊಂಡು, ಬೆರಳಿಗೆ ಚುಚ್ಚುತ್ತಿತ್ತು. ಒಂದು ಹಾಳೆಯ ಚೂರುಗಳನ್ನೆಲ್ಲ ಕೂಡಿಸಿದರೆ, ಅಲಗು ಪುಡಿ ಮಾಡಿದ ಮರವೂ ಸೇರಿ, ಹತ್ತು ಆಸನಗಳಷ್ಟು ಮರ ಅಲ್ಲಿತ್ತು. ಆದರೆ ಒಂದು ಆಸನವೂ ಅಲ್ಲಿರಲಿಲ್ಲ. ನಿನ್ನ ಅರವತ್ತಮೂರು ಹಲಗೆಗಳು ಹೋಗಿರುವುದೂ ಅಲ್ಲಿಗೇ, ಮಗಳೇ. ಭಾಗಾಕಾರಕ್ಕೆ ಮರದ ಮೊತ್ತ ಮಾತ್ರ ಗೊತ್ತು, ಆಕಾರ ಗೊತ್ತಿಲ್ಲ. ಚೂರುಗಳನ್ನು ಕರಗಿಸಿ ಎರಕ ಹೊಯ್ಯುವ ಹಾಗಿದ್ದರೆ ಮಾತ್ರ ಆ 168 ನಿಜ.

ಕಡಿಮೆ ಬಿದ್ದ ಇಪ್ಪತ್ತು ಆಸನಕ್ಕಾಗಿ ಮೂರನೆಯ ಹಾಳೆಯನ್ನು ನನ್ನ ಸಂಬಳದಲ್ಲಿ ಮುರಿದುಕೊಂಡು ತರಿಸಿದರು. ಅದು ಬೇರೆ ಕಂತಿನ ಮಾಲು, ಮೇಲಿನ ಪದರದ ಬಣ್ಣ ಒಂದು ಛಾಯೆ ಕಪ್ಪಗಿತ್ತು. ಸಾಲಾಗಿ ಜೋಡಿಸಿದಾಗ ಆ ಇಪ್ಪತ್ತು ಸ್ಟೂಲುಗಳು ದೂರದಿಂದಲೇ ಬೇರೆಯಾಗಿ ಕಾಣುತ್ತಿದ್ದವು. ಗಿರಾಕಿ ಅವನ್ನು ವಾಪಸು ಕಳುಹಿಸಿದರು. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ: ವಿಸ್ತೀರ್ಣ ಭಾಗಿಸಿ ಬಂದ ಸಂಖ್ಯೆಯನ್ನು ನಂಬಿ ಮಾತು ಕೊಡಬೇಡ, ಹಾಳೆಯ ಮೇಲೆ ಕೊನೆಯ ದುಂಡನ್ನು ಬರೆದು ಮುಗಿಸುವ ತನಕ ಅಲಗು ಮುಟ್ಟಬೇಡ.

ಅವತ್ತು ಮಾಲೀಕರು ‘ಲೆಕ್ಕ ತಪ್ಪಿತು’ ಎಂದಿದ್ದರೆ ನಾನು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದೆ. ಅವರು ಹೇಳಿದ್ದು ‘ನಿನ್ನ ಕೈ ಸರಿಯಿಲ್ಲ, ಮಾಲು ಹಾಳು ಮಾಡಿದೆ’ ಎಂದು. ಕೈ ಸರಿಯಾಗಿಯೇ ಇತ್ತು. ಅರವತ್ತನಾಲ್ಕರಲ್ಲಿ ಒಂದೂ ಕೆಟ್ಟಿರಲಿಲ್ಲ. ಆ ಮಾತು ನನಗೆ ಇವತ್ತಿಗೂ ಆರಿಲ್ಲ. ಆಮೇಲೆ ನಾನು ಹಾಳೆಯ ಮುಂದೆ ಕೈವಾರ ಹಿಡಿದು ಅರ್ಧ ದಿನ ಕೂತರೆ, ‘ಬೆಳಿಗ್ಗೆಯಿಂದ ಗೆರೆ ಎಳೆಯುತ್ತಾ ಕೂತಿದ್ದಾನೆ, ಕೆಲಸ ಶುರು ಮಾಡಿಲ್ಲ’ ಎಂದು ದೂರುತ್ತಿದ್ದರು. ಗೆರೆ ಎಳೆಯುವ ಹೊತ್ತನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ. ಸದ್ದು ಬಂದರೆ, ಪುಡಿ ಹಾರಿದರೆ ಮಾತ್ರ ಕೆಲಸ. ಉಳಿದ ಹಾಳೆ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ, ಅದನ್ನು ಉಳಿಸಿದವನೂ ಕಾಣುವುದಿಲ್ಲ. ಶಾಲೆಯಲ್ಲಿಯೂ ನಮಗೆ ವೃತ್ತದ ವಿಸ್ತೀರ್ಣ ಕಂಡುಹಿಡಿಯುವುದನ್ನು ನೂರು ಸಲ ಬರೆಸಿದರು. ಈ ಹಾಳೆಯಲ್ಲಿ ಇಂಥ ವೃತ್ತ ಎಷ್ಟು ಕೂರುತ್ತವೆ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಒಬ್ಬ ಹುಡುಗನ ಎರಡು ತಿಂಗಳ ಸಂಬಳ ಉಳಿಯುತ್ತಿತ್ತು.

ಅಯ್ಯೋ, ನೀನು ಕೇಳಿದ್ದು ಇನ್ನೆರಡು ಹಾಳೆ ತರಿಸಬೇಕೇ ಎಂದು. ಮುಖ್ಯವಾದದ್ದನ್ನು ಹೇಳುವುದೇ ಮರೆತಿದ್ದೆ. ಎರಡು ಬೇಡ, ಒಂದೇ ಸಾಕು. ಈಗ ಕಾಗದ ತೆಗೆದುಕೊಂಡು ಬರೆದುಕೋ.

ನೀನು ಹಾಕಿರುವ ಗುರುತು ತಪ್ಪಲ್ಲ. ನಿನ್ನ ರೌಟರಿನ, ಎಂದರೆ ಮರ ಕೊರೆಯುವ ಯಂತ್ರದ, ಬಿಟ್ (ತಿರುಗುವ ಅಲಗು) 3 ಮಿಲಿಮೀಟರ್ ಮರ ತಿನ್ನುತ್ತದೆ, ಹಾಗಾಗಿ ಒಂದು ಕೇಂದ್ರದಿಂದ ಇನ್ನೊಂದಕ್ಕೆ 153 ಬೇಕು. ಹದಿನಾರು ಹಲಗೆಗೆ 2445 ಬೇಕಾಗುತ್ತದೆ, ನಿನ್ನಲ್ಲಿರುವುದು 2440. ಅಗಲಕ್ಕೆ ಎಂಟು ಕೂರಲು 1221 ಬೇಕು, ಇರುವುದು 1220. ಒಂದೇ ಒಂದು ಮಿಲಿಮೀಟರಿಗೆ ಇಡೀ ಸಾಲು ಕೈತಪ್ಪಿದೆ. ನೆಟ್ಟಗೆ ಜೋಡಿಸಿದರೆ ಹದಿನೈದು ಏಳಲೆ 105, ಇದನ್ನು ಯಾರೂ ಹೆಚ್ಚಿಸಲಾರರು.

ಆದರೆ ನೆಟ್ಟಗೆ ಏಕೆ ಜೋಡಿಸಬೇಕು? ಎರಡನೆಯ ಸಾಲನ್ನು ಅರ್ಧ ಹೆಜ್ಜೆ, ಎಂದರೆ 76.5 ಮಿಲಿಮೀಟರ್, ಪಕ್ಕಕ್ಕೆ ಸರಿಸು. ಆಗ ಅದರ ಪ್ರತಿಯೊಂದು ದುಂಡೂ ಮೊದಲ ಸಾಲಿನ ಎರಡು ದುಂಡುಗಳ ನಡುವಿನ ತಗ್ಗಿನಲ್ಲಿ ಇಳಿದು ಕೂರುತ್ತದೆ, ಜೇನುಹುಟ್ಟಿನ ಕಣ್ಣುಗಳ ಹಾಗೆ. ಮೂರು ಕೇಂದ್ರಗಳು ಸೇರಿ ಸಮಬಾಹು ತ್ರಿಭುಜವಾಗುವುದರಿಂದ ಸಾಲಿನಿಂದ ಸಾಲಿಗೆ 153 ಬೇಕಿಲ್ಲ, ಅದರ 0.866 ಪಟ್ಟು, ಅಂದರೆ 132.5 ಸಾಕು. ಆ ಲೆಕ್ಕದಲ್ಲಿ ಅಗಲದಲ್ಲಿ ಏಳರ ಬದಲು ಒಂಬತ್ತು ಸಾಲು ಹಿಡಿಯುತ್ತವೆ. ಉದ್ದದಲ್ಲಿ ಹದಿನೈದು ಕೂತ ಮೇಲೂ ಸಾಕಷ್ಟು ಜಾಗ ಉಳಿದಿರುವುದರಿಂದ ಸರಿದ ಸಾಲಿನಲ್ಲಿಯೂ ಹದಿನೈದೇ ಬರುತ್ತವೆ. ಹದಿನೈದು ಒಂಬತ್ತಲೆ 135. ನಾಲ್ಕು ಹಾಳೆಗೆ 540. ಐನೂರು ಕೊಟ್ಟು ನಲವತ್ತು ಕೈಯಲ್ಲಿ ಉಳಿಯುತ್ತವೆ.

ಅಂಚೇ ಇಲ್ಲದ ಬಯಲಿನಲ್ಲಿ ಒಂದೇ ಅಳತೆಯ ದುಂಡುಗಳನ್ನು ನೆಟ್ಟಗೆ ಜೋಡಿಸಿದರೆ ನೂರಕ್ಕೆ 78.5ರಷ್ಟು ಜಾಗ ತುಂಬುತ್ತದೆ, ಹೀಗೆ ಸರಿಸಿ ಜೋಡಿಸಿದರೆ 90.7ರಷ್ಟು. ಇದಕ್ಕಿಂತ ಒತ್ತಾಗಿ ಜೋಡಿಸಲು ಸಾಧ್ಯವೇ ಇಲ್ಲ. ಕ್ರಮಬದ್ಧ ಜೋಡಣೆಗಳ ಮಟ್ಟಿಗೆ ಗಣಿತಜ್ಞ ಲಗ್ರಾಂಜ್ ಇದನ್ನು 1773ರಲ್ಲಿ ತೋರಿಸಿದ್ದನು. ಯಾವ ಜೋಡಣೆಗೂ ಅನ್ವಯಿಸುವ ಪಕ್ಕಾ ಪುರಾವೆ ಬರಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಹಾಗೆಂದು ಎಲ್ಲ ಕಡೆಯೂ ಸರಿಸಿದರೆ ಲಾಭ ಎಂದುಕೊಳ್ಳಬೇಡ. ನನ್ನ ಆ ಸ್ಟೂಲಿನ ಆಸನಗಳನ್ನು ಆಮೇಲೆ ಎಷ್ಟೋ ರಾತ್ರಿ ಕಾಗದದ ಮೇಲೆ ಸರಿಸಿ ನೋಡಿದೆ. ಉದ್ದಕ್ಕೆ ಸಾಲು ಹಿಡಿದರೆ ಮೂವತ್ತು, ಅಗಲಕ್ಕೆ ಹಿಡಿದರೆ ಮತ್ತದೇ ಮೂವತ್ತೆರಡು. ದುಂಡು ದೊಡ್ಡದಾದಷ್ಟೂ ಅಂಚಿನ ಕಾಟ ಹೆಚ್ಚು. ಹಾಗಾಗಿ ಪ್ರತಿ ಕೆಲಸಕ್ಕೂ ಎರಡೂ ಬಗೆಯಲ್ಲಿ ಬರೆದು ಎಣಿಸಲೇಬೇಕು.

ಗುರುತು ಹಾಕುವುದು ಹೀಗೆ. ಉದ್ದದ ಅಂಚಿನಿಂದ 80ರಲ್ಲಿ ಒಂದು ನೇರ ಗೆರೆ ಎಳೆ. ಮೂಲೆಮಟ್ಟ ಹಿಡಿದು ಎಡ ತುದಿಯಿಂದ 100ರಲ್ಲಿ ಮೊದಲ ಕೇಂದ್ರ ಗುರುತಿಸು, ಅಲ್ಲಿಂದ 153ಕ್ಕೆ ಒಂದರಂತೆ ಹದಿನೈದು. ಮುಂದಿನ ಸಾಲಿಗೆ ಟೇಪು ಹಿಡಿಯುವುದೇ ಬೇಡ. ಕೈವಾರವನ್ನು 153ಕ್ಕೆ ತೆರೆದು ಅಕ್ಕಪಕ್ಕದ ಎರಡು ಕೇಂದ್ರಗಳಿಂದ ಕಂಸ ಬರೆದರೆ ಅವು ಕೂಡುವ ಜಾಗವೇ ಹೊಸ ಕೇಂದ್ರ. ಎರಡನೆಯ ಸಾಲಿನ ಹದಿನೈದನೆಯದನ್ನು ಮಾತ್ರ ಹದಿನಾಲ್ಕನೆಯದರಿಂದ ಬಲಕ್ಕೆ 153 ಅಳೆದು ಗುರುತಿಸು. ಮೂರನೆಯ ಸಾಲು ಮತ್ತೆ ಮೊದಲ ಸಾಲಿನ ನೇರಕ್ಕೇ ಬರಬೇಕು, ಹಾಗಾಗಿ ಅಲ್ಲಿ ಎಡ ತುದಿಯ ಮೊದಲನೆಯದನ್ನು ಎರಡನೆಯದರಿಂದ ಎಡಕ್ಕೆ 153 ಅಳೆದು ಗುರುತಿಸು; ಮುಂದೆಯೂ ಹೀಗೇ ಒಂದು ಬಿಟ್ಟು ಒಂದು. ಸಣ್ಣ ಸಣ್ಣ ತಪ್ಪು ಸೇರಿಕೊಂಡು ಹೋಗುತ್ತದೆಯಾದ್ದರಿಂದ ಒಂಬತ್ತನೆಯ ಸಾಲು ಮೊದಲ ಗೆರೆಯಿಂದ ಸರಿಯಾಗಿ 1060 ದೂರದಲ್ಲಿದೆಯೇ ಎಂದು ಎರಡು ತುದಿಯಲ್ಲೂ ಅಳೆದು ನೋಡು. ಅಗಲದಲ್ಲಿ ಆಚೆಗೆ 5, ಈಚೆಗೆ 5 ಮಿಲಿಮೀಟರ್ ಮಾತ್ರ ಉಳಿಯುತ್ತದೆ, ಹಾಳೆಯ ಅಂಚು ಜಜ್ಜಿದ್ದರೆ ಅದನ್ನೂ ಮೊದಲೇ ನೋಡಿಕೋ.

ಇನ್ನೊಂದು ಮಾತು, ಬಿಟ್ ಮುರಿದರೆ ಹೊಸದನ್ನೂ 3 ಮಿಲಿಮೀಟರಿನದ್ದೇ ಹಾಕು. 6 ಮಿಲಿಮೀಟರಿನದ್ದು ಹಾಕಿದರೆ ಒಂದು ಪೂರ್ತಿ ಸಾಲು ಹೋಗಿ ಹಾಳೆಗೆ 120ಕ್ಕೆ ಇಳಿಯುತ್ತದೆ, ನಾಲ್ಕು ಹಾಳೆಗೆ 480 ಮಾತ್ರ. ನಾಲ್ಕನೆಯ ಹಾಳೆಯನ್ನು ಇವತ್ತೇ ತರಿಸು, ಇರುವ ಮೂರರ ಪಕ್ಕದಲ್ಲಿಟ್ಟು ಬಣ್ಣ ಹೋಲಿಸಿಯೇ ತೆಗೆದುಕೋ. ಮೊದಲ ಹಾಳೆಯ ಗುರುತು ಮುಗಿದ ಕೂಡಲೇ ಒಂಬತ್ತನೆಯ ಸಾಲಿನ ಎರಡೂ ತುದಿ ಕಾಣುವ ಹಾಗೆ ಚಿತ್ರ ತೆಗೆದು ಇಲ್ಲಿಯೇ ಹಾಕು. ನಾನು ನೋಡಿ ಹೂಂ ಎಂದ ಮೇಲೆ ರೌಟರ್ ಚಾಲೂ ಮಾಡುವೆಯಂತೆ.