ಚಿನ್ನ ಬಿಡಿ ಅತ್ತೆ, ಆ ಕೋಲು ನೋಡ್ಬೇಕಿತ್ತು

ಅತ್ತೆ ಈಗ ನೋಡಿದೆ ನಿಮ್ಮ ಮೆಸೇಜು, ಅಷ್ಟು ದೂರ ಕೈರೋಗೆ ಹೋಗಿ ಗೋರಿ ಸಾಮಾನು ನೋಡ್ಕೊಂಡು ಬಂದ್ಯಾ, ಚಿನ್ನ ಎಷ್ಟಿತ್ತು, ಶಾಪ ಗೀಪ ತಟ್ಟಲ್ವಾ ಅಂತ ಕೇಳಿದ್ರಲ್ಲ, ಎಲ್ಲಾದಕ್ಕೂ ಒಟ್ಟಿಗೆ ಹೇಳ್ಬಿಡ್ತೀನಿ ಉದ್ದ ಆದ್ರೆ ಬೈಬೇಡಿ.

ಚಿನ್ನ ಅಂದ್ರೆ, ಆ ಹಳೇ ಕಾಲದ ಈಜಿಪ್ಟಿನ ತುತಾಂಖಮುನ್ ರಾಜನ ಮುಖವಾಡ ಒಂದೇ 10 ಕೆಜಿ ಚಿಲ್ರೆ. ಒಂದರೊಳಗೊಂದು ಮೂರು ಶವಪೆಟ್ಟಿಗೆ, ತೀರಾ ಒಳಗಿಂದು ಪೂರ್ತಿ ಬಂಗಾರ, 110 ಕೆಜಿ! ನಮ್ಮನೇಲಿ 100 ಗ್ರಾಂ ಸರಕ್ಕೆ ಮದುವೆ ಮಂಟಪದಲ್ಲೇ ಎಷ್ಟು ಮುನಿಸಾಯ್ತು ನೆನಪಿದ್ಯಲ್ಲ 😂 ಶಾಪ ಎಲ್ಲ ಸುಳ್ಳು ಅತ್ತೆ, 1922ರಲ್ಲಿ ಗೋರಿ ಹುಡುಕಿದ ಹೋವರ್ಡ್ ಕಾರ್ಟರ್ರೇ 1939ರ ತನಕ ಬದುಕಿದ್ದ, ದುಡ್ಡು ಹಾಕಿದ್ದ ಸಾಹುಕಾರ ಸತ್ತಿದ್ದು ಸೊಳ್ಳೆ ಕಚ್ಚಿದ ಗಾಯ ಕೀವಾಗಿ.

ಆದ್ರೆ ನಂಗೆ ಕಾಲು ಕೀಳೋಕೆ ಆಗ್ದೇ ಇದ್ದಿದ್ದು ಚಿನ್ನದ ಮುಂದೆ ಅಲ್ಲ. ಪಾಪ ಆ ಹುಡುಗ ಎಂಟೊಂಬತ್ತು ವರ್ಷಕ್ಕೆ ಪಟ್ಟಕ್ಕೆ ಕೂತು ಹದಿನೆಂಟು ಹತ್ತೊಂಬತ್ತಕ್ಕೆ ಹೋಗ್ಬಿಟ್ಟ, ಅವನ ಜೊತೆ 5,000ಕ್ಕೂ ಮೇಲೆ ಸಾಮಾನು ಇಟ್ಟಿದಾರೆ, ಚಡ್ಡಿ ಥರ ಉಡೋ ಬಟ್ಟೆ, ಕೈಗವಸು, ರೊಟ್ಟಿ, ಮಾಂಸ, ವೈನ್ ಗಡಿಗೆ, ಗಡಿಗೆ ಮೇಲೆ ಯಾವ ವರ್ಷದ್ದು ಯಾರು ಮಾಡಿದ್ದು ಅಂತ ಕೂಡ ಬರೆದಿದೆ. ಚಪ್ಪಲಿ ಒಂದು ಜೊತೆ ಇದೆ, ಪಾದ ಊರೋ ಜಾಗದಲ್ಲೇ ಕೈ ಕಟ್ಟಿಹಾಕಿದ ಶತ್ರುಗಳ ಚಿತ್ರ, ಹೆಜ್ಜೆ ಇಟ್ರೆ ತುಳಿದ ಹಾಗೆ, ಎಂಥಾ ಕೊಬ್ಬು ನೋಡಿ! ಮಹಾಲಯ ಅಮಾವಾಸ್ಯೆಗೆ ತಾತನ ಎಡೆಗೆ ಅಜ್ಜಿ ಬೀಡಿ ಕಟ್ಟು ಇಡ್ತಿದ್ರಲ್ಲ, ಮಳ್ಳಿ ಥರ ಅಲ್ಲೇ ನಿಂತು ಅದನ್ನೇ ನೆನೆಸ್ಕೊಂಡೆ.

ಆಮೇಲೆ ಊರುಗೋಲು, ಸುಮಾರು 130. ಕಾಲಿಗೆ ಏನೋ ತೊಂದರೆ ಇತ್ತು ಅಂತ ಕೆಲವರು, ಇಲ್ಲ ಅದು ದೊಡ್ಡಸ್ತಿಕೆಗೆ ಹಿಡೀತಿದ್ದಿದ್ದು ಅಂತ ಕೆಲವರು. ಅದ್ರಲ್ಲೊಂದು ಬರೀ ಜೊಂಡಿನ ಕೋಲು, ಕೆರೆ ದಂಡೇಲಿ ಬೆಳೆಯುತ್ತಲ್ಲ ಅಂಥದ್ದು, ಅದಕ್ಕೆ ಚಿನ್ನದ ಕಟ್ಟು ಹಾಕಿ ಅರಸರು ತಮ್ಮ ಕೈಯಾರೆ ಕಡಿದಿದ್ದು ಅಂತ ಬರೆಸಿದಾರೆ. ಅಷ್ಟು ಬಂಗಾರದ ಮಧ್ಯೆ ಅದನ್ನ ಯಾರೋ ನೆನಪಿಟ್ಟು ಒಳಗಿಟ್ರಲ್ಲ ಅತ್ತೆ.

ಅಂದಹಾಗೆ ತಾತನ ಬೆತ್ತ ಇನ್ನೂ ಅಟ್ಟದ ಮೇಲೇ ಇದ್ಯಾ? ಮನೆ ಸುಣ್ಣ ಹೊಡೆಸುವಾಗ ಯಾರಿಗೂ ಕೊಡ್ಬೇಡಿ, ನಾನು ಬಂದಾಗ ತಗೊಂಡು ಹೋಗ್ತೀನಿ.