ತಾತನ ಮ್ಯಾಸಿ 35: ಎಂಜಿನ್ ಓಡ್ತಿದೆ, ಲಿಫ್ಟ್ ಏಳ್ತಿಲ್ಲ. ಸರಿಯಾದ ಬುಕ್ ಎಲ್ಲಿ ಸಿಗುತ್ತೆ?

ಶ್ರೀನಿವಾಸಪುರ ಮಾವು

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ತಗೊಂಡಿದ್ದ ಮ್ಯಾಸಿ ಫರ್ಗೂಸನ್ 35 ಟ್ರ್ಯಾಕ್ಟರ್ ಹನ್ನೆರಡು ವರ್ಷದಿಂದ ಕೊಟ್ಟಿಗೆ ಪಕ್ಕದ ಶೆಡ್‌ನಲ್ಲಿ ನಿಂತಿತ್ತು. ಸೀಟಿನ ಮೇಲೆ ಕೋಳಿ ಮೊಟ್ಟೆ ಇಡ್ತಿತ್ತು, ಅಷ್ಟೇ ಉಪಯೋಗ. ನಂಬರ್ ಪ್ಲೇಟ್ ಇನ್ನೂ ‘ಎಂವೈ’ ಅಂತಾನೇ ಶುರುವಾಗುತ್ತೆ, ನಮ್ಮ ರಾಜ್ಯಕ್ಕೆ ಮೈಸೂರು ಅನ್ನೋ ಹೆಸರಿದ್ದ ಕಾಲದ್ದು. ಆರ್.ಸಿ. ಪುಸ್ತಕದಲ್ಲಿ ಗೆದ್ದಲು ತಿಂದು ಉಳಿದಿರೋದು ತಾತನ ಹೆಸರು ಮತ್ತು ಅರ್ಧ ಚಾಸಿ ನಂಬರ್.

ಈ ಸಲ ಮಾವಿನ ಫಸಲು ಮುಗಿದ ಮೇಲೆ ಕೈ ಹಾಕಿದೆ. ಟ್ಯಾಂಕ್ ಇಳಿಸಿ ತೊಳೆದೆ, ಫಿಲ್ಟರ್ ಬದಲಾಯಿಸಿದೆ, ಏರ್ ತೆಗೆದೆ. ಮೂರನೇ ದಿನ ಹೊಗೆ ಬಿಟ್ಕೊಂಡು ಸ್ಟಾರ್ಟ್ ಆಯ್ತು. ಅಜ್ಜಿ ಒಳಗಿಂದ ಓಡಿ ಬಂದು ಊದುಬತ್ತಿ ಹಚ್ಚಿದರು.

ಇನ್ನು ತಲೆನೋವಿನ ವಿಷಯ. ಇಂಟರ್ನೆಟ್‌ನಲ್ಲಿ ‘35’ ಅಂತ ಹುಡುಕಿ ಒಂದು ಇಂಗ್ಲಿಷ್ ವರ್ಕ್‌ಶಾಪ್ ಮ್ಯಾನುವಲ್ ಇಳಿಸ್ಕೊಂಡೆ. ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರುಗಳು ಉರಿಯೋ ಸರದಿ, 1-3-4-2 ಅಂತಿದೆ. ನಮ್ಮ ಗಾಡಿಗೆ ಸಿಲಿಂಡರಿಗೊಂದರಂತೆ ಇರೋದೇ ಮೂರು ನಾಜಲ್! ತೊಳೆಯೋಕೆ ಅಂತ ಬಿಚ್ಚಿದ ಪೈಪುಗಳನ್ನ ಮುಂದಿಟ್ಕೊಂಡು ಒಂದಿಡೀ ಭಾನುವಾರ ಕೂತಿದ್ದೆ. ಆಮೇಲೆ ಹೇಗೋ ಕೂಡಿಸಿದೆ.

ಈಗ ಹಿಂದೆ ಕಲ್ಟಿವೇಟರ್ ಎತ್ತೋ ಲಿಫ್ಟ್ ಏಳ್ತಾನೇ ಇಲ್ಲ. ಕಲ್ಟಿವೇಟರ್ ಬಿಡಿ, ಬರೀ ತೋಳು ಕೂಡ ಅಲ್ಲಾಡಲ್ಲ. ಇಲ್ಲಿನ ಮೆಕ್ಯಾನಿಕ್ ಒಬ್ಬರು ಬಂದು ನೋಡಿ ‘ಪಂಪ್ ಹೋಗಿದೆ, ಹಿಂದಿನ ಹೌಸಿಂಗ್ ಪೂರ್ತಿ ಬಿಚ್ಚಬೇಕು’ ಅಂದ್ರು. ಬಿಚ್ಚೋಕೆ ಮುಂಚೆ ಸರಿಯಾದ ಬುಕ್ ನೋಡಬೇಕು ಅಂತ ಆಸೆ. ಯಾರ ಹತ್ರನಾದ್ರೂ ಇದ್ಯಾ?

ಗೌರಿಬಿದನೂರು ಡೀಸೆಲ್

ತಪ್ಪು ನಿಮ್ಮದಲ್ಲ. 35ರಲ್ಲಿ ಮೊದಮೊದಲು ಬಂದ ಡೀಸೆಲ್ ಗಾಡಿಗಳಿಗೆ ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರ್ ಎಂಜಿನ್ ಇತ್ತು, ಚಳಿಯಲ್ಲಿ ಸ್ಟಾರ್ಟ್ ಆಗೋಕೆ ಮಹಾ ಮೊಂಡು. ಆಮೇಲೆ ಪರ್ಕಿನ್ಸ್ ಮೂರು ಸಿಲಿಂಡರ್ ಬಂತು. ಹೆಸರು ಒಂದೇ, ಎಂಜಿನ್ ಬೇರೆ. ಅದಕ್ಕೇ ‘35’ ಅಂತ ಹುಡುಕಬೇಡಿ, ‘ಪರ್ಕಿನ್ಸ್ 3.152’ ಅಂತ ಹುಡುಕಿ. 152 ಅಂದ್ರೆ ಎಂಜಿನ್ನಿನ ಗಾತ್ರ, ಘನ ಇಂಚಿನಲ್ಲಿ. ನಮ್ಮ ಲೆಕ್ಕಕ್ಕೆ ಎರಡೂವರೆ ಲೀಟರ್. ಡೀಸೆಲ್ ಪಂಪ್ ಹತ್ತಿರ ಬ್ಲಾಕಿನ ಮೇಲೆ ಎಂಜಿನ್ ನಂಬರ್ ಹೊಡೆದಿರ್ತಾರೆ. ಗ್ರೀಸ್ ಕೆರೆದು, ಸೀಮೆಸುಣ್ಣ ಉಜ್ಜಿ ಓದಿ. ಫೈರಿಂಗ್ ಆರ್ಡರ್ 1-2-3, ಅಷ್ಟೇ.

ಅಳತೆಗಳು ಬೇಕಿದ್ರೆ ಇನ್ನೊಂದು ದಾರಿ ಇದೆ. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದವರು 1920ರಿಂದ ಟ್ರ್ಯಾಕ್ಟರ್ ಪರೀಕ್ಷೆ ಮಾಡ್ತಾ ಬಂದಿದ್ದಾರೆ. ಹಳೇ ವರದಿಗಳೆಲ್ಲ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ, ಮ್ಯಾಸಿ 35ರದ್ದೂ ಇದೆ. ನಮ್ಮ ದೇಶದಲ್ಲಿ ಈ ಕೆಲಸ ಮಾಡೋ ಮಧ್ಯಪ್ರದೇಶದ ಬುದ್ನಿಯ ಸಂಸ್ಥೆ 1955ರಲ್ಲಿ ಟ್ರೈನಿಂಗ್ ಕೇಂದ್ರವಾಗಿ ಶುರುವಾಯ್ತು. ಅಂಥದ್ದೇ ಸಂಸ್ಥೆ ನಮ್ಮ ಕಡೆಗೆ ಹತ್ತಿರದ್ದು ಅನಂತಪುರದ ಆಚೆ ಗಾರ್ಲದಿನ್ನೆಯಲ್ಲಿದೆ. ಅಲ್ಲಿ ಟ್ರೈನಿಂಗೂ ಕೊಡ್ತಾರೆ. ಆದ್ರೆ ಈ ವರದಿಗಳಲ್ಲಿ ಎಷ್ಟು ಎಚ್.ಪಿ., ಎಷ್ಟು ತೂಕ ಅಂತಿರುತ್ತೆ. ಹೇಗೆ ಬಿಚ್ಚಬೇಕು ಅಂತ ಇರಲ್ಲ.

ಹಳೇ ಕಬ್ಬಿಣ

ಗುಜರಿಗೆ ಹಾಕಿ ಗುರು. ಖರ್ಚು ಮಾಡೋ ದುಡ್ಡಲ್ಲಿ ಪವರ್ ಟಿಲ್ಲರ್ ಬರುತ್ತೆ, ಮಾವಿನ ತೋಪಿಗೆ ಅದೇ ಸಾಕು.

ಜೆ.ಸಿ. ರೋಡ್ ಗಿರಾಕಿ

ಮೇಲಿನವರ ಮಾತು ಕಿವಿಗೆ ಹಾಕ್ಕೋಬೇಡಿ. ಎಂಜಿನ್ ವಿಷಯದಲ್ಲಿ ನೀವು ಪುಣ್ಯವಂತರು. ಮದ್ರಾಸಿನಲ್ಲಿ ಟಾಫೆ ಮ್ಯಾಸಿ ಗಾಡಿ ಮಾಡ್ತು, ಅದೇ ಗುಂಪಿನ ಸಿಂಪ್ಸನ್ ಪರ್ಕಿನ್ಸ್ ಎಂಜಿನ್ ಮಾಡ್ತು. ಹಾಗಾಗಿ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ‘ಪರ್ಕಿನ್ಸ್ 3.152’ ಅಂದ್ರೆ ಅಂಗಡಿಯವರು ತಲೆ ಎತ್ತಿ ನೋಡ್ತಾರೆ. ‘ಮ್ಯಾಸಿ 35, ತಾತನ ಕಾಲದ್ದು’ ಅಂತ ಕಥೆ ಶುರು ಮಾಡಿದ್ರೆ ಟೀ ಕುಡಿಯೋಕೆ ಹೋಗ್ಬಿಡ್ತಾರೆ. ಹಳೇ ಸಾಮಾನನ್ನೇ ಕೈಯಲ್ಲಿ ಹಿಡ್ಕೊಂಡು ಹೋಗಿ. ಪಾರ್ಟ್ಸ್ ಕ್ಯಾಟಲಾಗ್ ಸಿಕ್ಕಿದ್ರೆ ಬಿಡಬೇಡಿ. ಯಾವ ವಾಷರ್ ಹಿಂದೆ ಯಾವ ಸ್ಪ್ರಿಂಗ್ ಅಂತ ಬಿಡಿಬಿಡಿಯಾಗಿ ಚಿತ್ರ ಇರೋದು ಅದರಲ್ಲೇ. ನನ್ನ ಪ್ರಕಾರ ದಪ್ಪ ಮ್ಯಾನುವಲ್‌ಗಿಂತ ಅದೇ ಮೇಲು.

ಕೆಜಿಎಫ್ ಫಿಟ್ಟರ್

ನಾನು ಬೆಮೆಲ್‌ನಲ್ಲಿ ಫಿಟ್ಟರ್ ಆಗಿ ರಿಟೈರ್ ಆದವನು. ಮೊಬೈಲಲ್ಲಿ ಬರೆಯೋದು ನಿಧಾನ, ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ಮೊದಲು ನಿಮ್ಮ ಪಾನಗಳನ್ನ ನೋಡಿ ತಮ್ಮಾ. ಅದು ಇಂಚಿನ ಗಾಡಿ. 3/4 ಬೋಲ್ಟಿಗೆ 19 ಎಂ.ಎಂ. ಕೂರುತ್ತೆ, ಅದನ್ನ ನಂಬಿ 9/16ಕ್ಕೆ 15 ಹಾಕಿದರೆ ಬೋಲ್ಟ್ ತಲೆ ದುಂಡಗಾಗುತ್ತೆ. ಟ್ಯಾಪೆಟ್ ಸಂದು ಎಂಜಿನ್ ತಣ್ಣಗಿದ್ದಾಗ 12 ಥೌ, ಅಂದ್ರೆ ಇಂಚಿನ ಸಾವಿರದಲ್ಲಿ 12 ಭಾಗ. ನಾಜಲ್ ಪೈಪಿಗೆ ಬುಕ್ ಯಾಕೆ? ಒಂದೊಂದು ಪೈಪಿನ ಬಾಗು ಒಂದೊಂದು ಥರ, ಅದರ ಜಾಗ ಬಿಟ್ಟು ಬೇರೆ ಕಡೆ ನೆಟ್ಟಗೆ ಕೂರಲ್ಲ.

ಈಗ ಲಿಫ್ಟ್. ನಿಮ್ಮ ಮೆಕ್ಯಾನಿಕ್ ಹೌಸಿಂಗ್ ಬಿಚ್ಚೋಕೆ ಮುಂಚೆ ಒಂದು ಪ್ರಶ್ನೆ. ಪಿಟಿಓ, ಅಂದ್ರೆ ಎಂಜಿನ್ ಶಕ್ತಿನ ಹಿಂದಿನ ಉಪಕರಣಕ್ಕೆ ಕೊಡೋ ಶಾಫ್ಟು, ಅದರ ಲಿವರ್ ಹಾಕಿದ್ರಾ? ಎಡಗಡೆ, ಕಾಲಿನ ಹತ್ತಿರ ಕೆಳಗಿರುತ್ತೆ. ಆ ಗಾಡೀಲಿ ಹೈಡ್ರಾಲಿಕ್ ಪಂಪ್ ಹಿಂದಿನ ಹೌಸಿಂಗ್ ಒಳಗೆ ಆಯಿಲ್‌ನಲ್ಲಿ ಮುಳುಗಿ ಕೂತಿದೆ, ಪಿಟಿಓ ಶಾಫ್ಟೇ ಅದನ್ನ ತಿರುಗಿಸೋದು. ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಪಂಪ್ ತಿರುಗಲ್ಲ. ಪಂಪ್ ತಿರುಗದೆ ಲಿಫ್ಟ್ ಎಲ್ಲಿಂದ ಏಳಬೇಕು? ಕ್ಲಚ್ ತುಳಿದು ಲಿವರ್ ಹಾಕಿ ನೋಡಿ ಬರೆಯಿರಿ.

ನಿಮ್ಮ ವರ್ಕ್‌ಶಾಪ್ ಮ್ಯಾನುವಲ್‌ನಲ್ಲಿ ಇದನ್ನ ಒತ್ತಿ ಹೇಳಿರಲ್ಲ. ಮೆಕ್ಯಾನಿಕ್‌ಗೆ ಇಷ್ಟೂ ಗೊತ್ತಿರಲ್ವಾ ಅಂತ ಬರೆದವನ ಲೆಕ್ಕ. ಗಾಡಿ ಜೊತೆ ಕೊಡ್ತಿದ್ದ ಡ್ರೈವರ್ ಕೈಪಿಡಿ ಅಂತ ಸಣ್ಣ ಪುಸ್ತಕ ಇರುತ್ತೆ, ಇಂಥದ್ದೆಲ್ಲ ಅದರಲ್ಲಿ. ನೀವು ಹುಡುಕಬೇಕಾಗಿರೋದು ಅದನ್ನ.

ಶ್ರೀನಿವಾಸಪುರ ಮಾವು

ಸಾರ್, ನಾಚಿಕೆ ಆಗ್ತಿದೆ. ಅಲ್ಲಿ ಲಿವರ್ ಇರೋದೇ ನನಗೆ ಗೊತ್ತಿರಲಿಲ್ಲ. ಮಣ್ಣು, ಗ್ರೀಸು, ಕೋಳಿ ಪುಕ್ಕ ಎಲ್ಲ ಸೇರಿ ಹೆಂಟೆ ಆಗಿತ್ತು. ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಕ್ಲಚ್ ತುಳಿದು ಎಳೆದೆ. ಲಟಕ್ ಅಂತು. ಕಲ್ಟಿವೇಟರ್ ಮೇಲೆ ಬಂತು!

ತಾತನ ಜೊತೆ ಗಾಡಿ ಓಡಿಸ್ತಿದ್ದ ಡ್ರೈವರ್ ಊರಲ್ಲೇ ಇದ್ದಾರೆ, ತೆಲುಗಿನೋರು. ಹೋಗಿ ಹೇಳಿದೆ. ‘ಪಿಟಿಓ ಏಸಿನಾವಾ ಲೇದಾ ಅನಿ ಮೊದಟೇ ನನ್ನಡಗಾಲ’ ಅಂತ ಬೈದರು. ಹಾಕಿದ್ದೀಯಾ ಇಲ್ವಾ ಅಂತ ಮೊದಲೇ ನನ್ನನ್ನ ಕೇಳಬೇಕಿತ್ತಂತೆ. ಮನೆಯಿಂದ ಇನ್ನೂರು ಹೆಜ್ಜೆ ದೂರ ಇದ್ದಾರೆ, ನಾನು ಇಂಗ್ಲೆಂಡಿನ ಪುಸ್ತಕ ಹುಡುಕ್ತಿದ್ದೆ.

ಆದ್ರೆ ಪೂರ್ತಿ ಸರಿ ಹೋಗಿಲ್ಲ. ಎಂಜಿನ್ ಆಫ್ ಮಾಡಿದ್ರೆ ಎರಡೇ ನಿಮಿಷಕ್ಕೆ ಕಲ್ಟಿವೇಟರ್ ಮೆಲ್ಲಗೆ ನೆಲಕ್ಕೆ ಇಳಿಯುತ್ತೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಜ್ಜಿಗೆ ಥರ ಬೆಳ್ಳಗಿದೆ.

ಕೆಜಿಎಫ್ ಫಿಟ್ಟರ್

ಬೆಳ್ಳಗಿದ್ದರೆ ನೀರು ಸೇರಿದೆ. ಗೇರ್ ಲಿವರಿನ ರಬ್ಬರ್ ಹರಿದಿರುತ್ತೆ, ನಿಮ್ಮ ಶೆಡ್ಡೂ ಸೋರುತ್ತೆ ಅಂತ ಕಾಣುತ್ತೆ. ಗೇರಿಗೂ ಲಿಫ್ಟಿಗೂ ಅದೊಂದೇ ಆಯಿಲ್. ಪೂರ್ತಿ ಇಳಿಸಿ, ತಳದಲ್ಲಿ ಏನು ಬರುತ್ತೆ ಅಂತ ಹಳೇ ಪಂಚೆಯಲ್ಲಿ ಸೋಸಿ ನೋಡಿ, ಹೊಸದು ಹಾಕಿ. ಆಮೇಲೂ ಇಳಿದರೆ ಲಿಫ್ಟ್ ಸಿಲಿಂಡರಿನ ರಿಂಗ್ ನೋಡಬೇಕು, ಅದಕ್ಕೆ ಮೇಲಿನ ಕವರ್ ಎತ್ತಿದರೆ ಸಾಕು. ಕವರ್ ಭಾರ ಇದೆ, ಇಬ್ಬರು ಬೇಕು. ಆ ಡ್ರೈವರ್‌ನ ಕರ್ಕೊಂಡು ಬನ್ನಿ.