1911, 1939ರ ರೂಪಾಯಿ: ವಿಎಫ್ ತಗೊಳ್ಳೋದಾ, ಕಾಯೋದಾ?

ಪ್ರಶ್ನೆ: ನಮಸ್ಕಾರ ಸರ್. ಐದನೇ ಮತ್ತು ಆರನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಗಳನ್ನು ಇಸವಿವಾರು ಜೋಡಿಸುತ್ತಿದ್ದೇನೆ. 1911 ಮತ್ತು 1939 ಇನ್ನೂ ಸಿಕ್ಕಿಲ್ಲ. ಯುಎನ್‌ಸಿ (ಚಲಾವಣೆಗೇ ಬರದ, ಸವೆಯದ ನಾಣ್ಯ) ಕೊಳ್ಳುವ ಶಕ್ತಿ ನನಗಿಲ್ಲ. ಒಬ್ಬರು ಥಳಥಳ ಹೊಳೆಯುವ 1911 ತೋರಿಸಿ ಎಕ್ಸ್‌ಎಫ್ (ತೀರಾ ಕಮ್ಮಿ ಸವೆದ ದರ್ಜೆ) ಎಂದರು. ಇನ್ನೊಬ್ಬರ ಬಳಿ ಬೂದು ತಿರುಗಿದ ವಿಎಫ್ (ಅದಕ್ಕಿಂತ ಸ್ವಲ್ಪ ಹೆಚ್ಚು ಸವೆದ ದರ್ಜೆ) ಇದೆ. ಬೆಲೆ ಹೆಚ್ಚುಕಮ್ಮಿ ಒಂದೇ. ಯಾವುದು ತಗೊಳ್ಳಲಿ?

ಉತ್ತರ: ಬೂದು ಬಣ್ಣದ್ದನ್ನೇ ತಗೊಳ್ಳಿ. ಚಲಾವಣೆಯಲ್ಲಿ ಸವೆದ ನಾಣ್ಯ ನೂರು ವರ್ಷದ ಮೇಲೂ ಥಳಥಳ ಅನ್ನುತ್ತಿದ್ದರೆ ಯಾರೋ ಉಜ್ಜಿದ್ದಾರೆ ಎಂದೇ ಅರ್ಥ. ನಮ್ಮ ಮನೆಗಳಲ್ಲಿ ಬೆಳ್ಳಿ ರೂಪಾಯಿಗೆ ಲಕ್ಷ್ಮೀಪೂಜೆಯ ಹೊತ್ತಿಗೆ ಹುಣಸೆಹಣ್ಣು, ವಿಭೂತಿ ತಪ್ಪಿದ್ದಲ್ಲ. ಭಕ್ತಿಯಿಂದ ಮಾಡಿದ್ದೇ, ಆದರೆ ಪ್ರತಿ ಸಲವೂ ಮೇಲ್ಮೈ ಒಂದಿಷ್ಟು ಹೋಗುತ್ತದೆ. ಒಂದೇ ದೀಪದ ಕೆಳಗೆ ನಾಣ್ಯವನ್ನು ಓರೆಯಾಗಿ ತಿರುಗಿಸಿ ನೋಡಿ. ಒಂದೇ ದಿಕ್ಕಿಗೆ ಹೋಗುವ ಕೂದಲೆಳೆಯಂಥ ಗೀರುಗಳು ಕಂಡರೆ ವಾಪಸು ಕೊಟ್ಟುಬಿಡಿ. ಅಂಚನ್ನೂ ಬಿಡಬೇಡಿ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದು, ಆಮೇಲೆ ಅರೆದು ತೆಗೆದ ರೂಪಾಯಿಗಳು ನಮ್ಮ ಕಡೆ ಬಹಳ. ಕಿರೀಟದ ನೇರ ಮೇಲಿನ ಅಂಚಿನ ಗೆರೆಗಳು ಅಲ್ಲಿ ಮಾತ್ರ ಮಾಸಿರುತ್ತವೆ.

1911ರಲ್ಲಿ ನೋಡಬೇಕಾದ್ದು ದೊರೆಯ ಎದೆಯ ಮೇಲಿನ ಆನೆ. ಅದರ ಸೊಂಡಿಲು, ಕಾಲು ಗಿಡ್ಡವಾಗಿ ಬಿದ್ದು ಹಂದಿಯಂತೆ ಕಾಣುತ್ತದೆ ಎಂದು ಆಕ್ಷೇಪ ಎದ್ದಿತು. ಹಂಚದೆ ಉಳಿದಿದ್ದ ನಾಣ್ಯಗಳು ಕರಗಿದವು, 1912ರಿಂದ ಆನೆಯನ್ನು ತಿದ್ದಿದ ಅಚ್ಚು ಬಂತು. ಕಲ್ಕತ್ತಾದಲ್ಲಿ ಸುಮಾರು 43 ಲಕ್ಷ, ಬೊಂಬಾಯಿಯಲ್ಲಿ ಸುಮಾರು 51 ಲಕ್ಷ ಟಂಕಿಸಿದ್ದರೂ ಒಳ್ಳೆಯವು ಸಿಗುವುದು ಕಷ್ಟವಾದದ್ದು ಹೀಗೆ. ಹಿಂಬದಿಯಲ್ಲಿ ಕೆಳಗಿನ ಕಮಲದ ಅಡಿ ಉಬ್ಬಿದ ಚುಕ್ಕಿ ಇದ್ದರೆ ಬೊಂಬಾಯಿ, ಇಲ್ಲದಿದ್ದರೆ ಕಲ್ಕತ್ತಾ. ಆ ಆನೆಯ ಗೆರೆ ಸ್ಪಷ್ಟ ಉಳಿದಿರುವ ವಿಎಫ್ ಸಿಕ್ಕರೆ ಸಾಕು. ಫೈನ್‌ಗೆ (ಇನ್ನೂ ಸವೆದ ದರ್ಜೆಗೆ) ಇಳಿದರೆ ಆನೆ ಮಬ್ಬಾಗುತ್ತದೆ. ಈ ಇಸವಿಯನ್ನು ಹುಡುಕುವುದೇ ಆ ಆನೆಗಾಗಿ, ಹಾಗಾಗಿ ಅಲ್ಲಿ ನಾನಂತೂ ರಾಜಿ ಆಗುವುದಿಲ್ಲ.

ಪ್ರಶ್ನೆ: ಧನ್ಯವಾದ ಸರ್. 1939 ಅಸಲಿ ಅಂತ ಮನೆಯಲ್ಲೇ ತಿಳಿಯೋದು ಹೇಗೆ? ಅಯಸ್ಕಾಂತ ಹಿಡಿದರೆ ಸಾಕಾ?

ಉತ್ತರ: ಸಾಲದು. ಅಯಸ್ಕಾಂತ ಹಿಡಿಯುವುದು ಕಬ್ಬಿಣವನ್ನು, ಕಳ್ಳರು ಅಷ್ಟು ದಡ್ಡರಲ್ಲ. 0.01 ಗ್ರಾಂ ತೋರಿಸುವ ತಕ್ಕಡಿ ತಗೊಳ್ಳಿ. ತೂಕ 11.66 ಗ್ರಾಂ ಆಸುಪಾಸು ಇರಬೇಕು, ಸವೆತಕ್ಕೆ ಸ್ವಲ್ಪ ಕಮ್ಮಿ ಬಂದರೆ ಸರಿ. ಆಮೇಲೆ ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ಮುಳುಗಿಸಿ. 1939ರದ್ದು ಶೇ 91.7 ಬೆಳ್ಳಿ, ಹಾಗಾಗಿ ತಕ್ಕಡಿ ಸುಮಾರು 1.13 ಗ್ರಾಂ (ನಾಣ್ಯ ಸರಿಸಿದ ನೀರಿನ ತೂಕ) ತೋರಿಸುತ್ತದೆ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿದು ತಾಮ್ರ, ನಿಕಲ್, ಸತು ಸೇರಿತು. ಆ ಲೋಹವಾದರೆ 1.22ರ ಹತ್ತಿರ ಬರುತ್ತದೆ.

ಇಷ್ಟಾದರೂ ಒಂದು ಮೋಸ ತಪ್ಪಿಸಿಕೊಳ್ಳುತ್ತದೆ. 1938ರ ಅಸಲಿ ರೂಪಾಯಿಯ 8 ಅನ್ನು ಕೆತ್ತಿ 9 ಮಾಡಿರುತ್ತಾರೆ. ಲೋಹ, ತೂಕ ಎಲ್ಲ ಸರಿಯೇ ಇರುತ್ತದೆ. ಹತ್ತು ಪಟ್ಟಿನ ಭೂತಕನ್ನಡಿಯಲ್ಲಿ ಇಸವಿಯ ಎರಡೂ 9 ಹೋಲಿಸಿ. ಬಾಲದ ತಿರುವು ಬೇರೆ ಇದ್ದರೆ, ಕೊನೆಯ ಅಂಕಿಯ ಸುತ್ತ ನೆಲ ತಗ್ಗಾಗಿದ್ದರೆ, ಅಲ್ಲಿ ಮಾತ್ರ ಬಣ್ಣ ಬೇರೆ ಇದ್ದರೆ ಮುಟ್ಟಬೇಡಿ. ಈ ಇಸವಿಗೆ ಪ್ರಮಾಣೀಕರಿಸಿ ಡಬ್ಬಿಯಲ್ಲಿ ಮುಚ್ಚಿದ ನಾಣ್ಯಕ್ಕೆ ಹೆಚ್ಚು ಕೊಡುವುದು ನಷ್ಟವಲ್ಲ.

ಇನ್ನೊಬ್ಬ ಸದಸ್ಯೆ: ಸರ್, ನಾನು ಅಮೆರಿಕದಲ್ಲಿದ್ದೇನೆ. ಅಜ್ಜಿ ಕೊಟ್ಟ 1911ರ ರೂಪಾಯಿಯನ್ನು ಮುಂದಿನ ಸಲ ಊರಿಗೆ ಬಂದಾಗ ಇಲ್ಲಿಗೆ ತರಬಹುದಾ?

ಉತ್ತರ: ಬೇಡಮ್ಮ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಉಡುಗೊರೆ ಎಂದರೂ ವಿನಾಯಿತಿ ಇಲ್ಲ. ಊರಲ್ಲೇ ಯಾರಾದರೂ ನಂಬಿಕಸ್ತರ ಬಳಿ ಇಡಿ. ಪಿವಿಸಿ ಪ್ಲಾಸ್ಟಿಕ್ ಪೌಚ್ ಬೇಡ, ಅದು ಹಸಿರು ಅಂಟು ಬಿಡುತ್ತದೆ. ಹಬ್ಬಕ್ಕೆ ತೊಳೆಯಬಾರದೆಂದು ಮನೆಯವರಿಗೂ ಒಂದು ಮಾತು ಹೇಳಿಡಿ. ಪೂಜೆಗೆ ಬೇರೆ ಸಾಮಾನ್ಯ ಇಸವಿಯ ರೂಪಾಯಿ ಇಟ್ಟರಾಯಿತು.